ಬೇರೆ ಕೈಯ ಹೊಲಿಗೆ

ನನ್ನ ಹೆಂಡತಿಯ ಬೂಟಿನ ಮೇಲೆ ಬೇರೆ ಯಾರದೋ ಕೈ ಬಿದ್ದಿದೆ ಎಂಬುದು ನನಗೆ ಗೊತ್ತಾದದ್ದು ಒಂದು ಮಂಗಳವಾರ ಬೆಳಿಗ್ಗೆ. ಅಂಗಡಿಯ ಶಟರ್ ಎತ್ತಿ ಹತ್ತು ನಿಮಿಷ ಆಗಿತ್ತೋ ಇಲ್ಲವೋ. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ನಗಬೇಡಿ.

ನಾನು ಬೂಟು ರಿಪೇರಿ ಮಾಡುವವನು. ಇಪ್ಪತ್ತೆರಡು ವರ್ಷದಿಂದ ಇದೇ ಬೀದಿ, ಇದೇ ಗಿಡ್ಡ ಸ್ಟೂಲು, ತೊಡೆಯ ಮೇಲೆ ಇದೇ ಹಳೆಯ ಚರ್ಮದ ಹಾಸು. ಒಂದು ಜೊತೆ ಬೂಟು ಮುಂದಿಟ್ಟರೆ ಅದರ ಒಡೆಯ ಎಂಥವನು ಎಂದು ಹೇಳಬಲ್ಲೆ. ಎಡಗಾಲಿನ ಹೊರಅಂಚು ಸವೆದಿದ್ದರೆ ಆತ ಭಾರದ ಚೀಲ ಹೊರುವವನು. ಎರಡೂ ಮುಂದುಗಡೆ ಒಂದೇ ಸಮ ತೆಳುವಾಗಿದ್ದರೆ ಆಸ್ಪತ್ರೆಯ ನರ್ಸು, ದಿನವಿಡೀ ನಿಂತೇ ಇರುವವಳು. ಹೆಂಡತಿಗೆ ಹೇಳದೆ ಕೆಲಸ ಬಿಟ್ಟು ದಿನವಿಡೀ ಪಾರ್ಕಿನಲ್ಲಿ ಕೂತಿರುತ್ತಿದ್ದ ಗುಮಾಸ್ತನೊಬ್ಬನನ್ನು ಅವನ ಬೂಟಿನಡಿಯ ಅಟ್ಟೆಗೆ ಮೆತ್ತಿಕೊಂಡಿದ್ದ ಹುಲ್ಲಿನಿಂದ ನಾನೇ ಮೊದಲು ಹಿಡಿದದ್ದು. ಯಾರಿಗೂ ಹೇಳಲಿಲ್ಲ ಅನ್ನಿ. ಆದರೆ ಹಿಡಿದೆ.

ನನ್ನ ಅತ್ತೆಗೆ, ಅಂದರೆ ಹೆಂಡತಿಯ ತಾಯಿಗೆ, ನನ್ನ ಈ ವಿದ್ಯೆಯ ಬಗ್ಗೆ ಕಿಂಚಿತ್ತೂ ಗೌರವವಿಲ್ಲ. ಆಕೆ ನಮ್ಮ ಜೊತೆಯಲ್ಲೇ ಇರುವುದು. "ಊರವರ ಕಾಲೆಲ್ಲ ಓದ್ತೀರಲ್ಲ ಅಳಿಯಂದ್ರೇ, ನಿಮ್ಮ ಕಾಲಲ್ಲಿರೋದನ್ನ ಒಂದ್ಸಲ ನೋಡ್ಕೊಳ್ಳಿ" ಎನ್ನುತ್ತಾಳೆ. ನನ್ನ ಶೂ ಯಾವಾಗಲೂ ಬೆರಳುಗಳ ಹತ್ತಿರ ಅಡ್ಡಡ್ಡ ಮಡಿಕೆ ಬಿದ್ದು, ತುದಿ ಉಜ್ಜಿ, ಬಾಯಿ ಬಿಟ್ಟುಕೊಂಡಿರುತ್ತದೆ. ಗಿಡ್ಡ ಸ್ಟೂಲಿನಲ್ಲಿ ಕಾಲ್ಬೆರಳು ಮಡಿಸಿಕೊಂಡು ಕೂರುವವನ ಶೂ ಇನ್ನು ಹೇಗಿರಬೇಕು? ಪುರುಸೊತ್ತು ಯಾರಿಗಿದೆ?

ನನ್ನ ಹೆಂಡತಿ ಸೇನೆಯಲ್ಲಿ ದೊಡ್ಡ ಲಾರಿ ಓಡಿಸುತ್ತಾಳೆ. ಮನೆಯಿಂದ ಎರಡು ದಿನದ ದಾರಿ, ಆಮೇಲೆ ಗುಡ್ಡ, ಆಮೇಲೆ ಏನಿದೆಯೋ ಅವಳೂ ಹೇಳುವಂತಿಲ್ಲ, ನಾನೂ ಕೇಳುವಂತಿಲ್ಲ. ಆರು ವರ್ಷದ ಕರಾರು. ಅದು ಮುಗಿಯಲು ಇನ್ನು ಒಂದೂವರೆ ತಿಂಗಳಿತ್ತು. ಮುಗಿಯುವ ಮುಂಚೆ ಅವರೊಂದು ಕಾಗದ ಕೊಡುತ್ತಾರೆ: ಮನೆಗೆ ಹೋಗುತ್ತೀರಾ, ಇಲ್ಲ ಇನ್ನೂ ಮೂರು ವರ್ಷ ಇರುತ್ತೀರಾ ಎಂದು. ಹಿಂದಿನ ರಜೆಯಲ್ಲಿ ಬಂದಾಗ ಅವಳ ಎರಡೂ ಕೈ ಹಿಡಿದು, "ಇನ್ನು ಸಾಕು ಕಣೇ, ಬಂದುಬಿಡು" ಎಂದಿದ್ದೆ. "ಬರ್ತೀನಿ ಮಾರಾಯ, ಎಷ್ಟ್ ಸಲ ಹೇಳಿಸ್ತೀಯ" ಎಂದಿದ್ದಳು. ಬರುತ್ತಾಳೋ ಇಲ್ಲವೋ, ಆ ಒಂದೂವರೆ ತಿಂಗಳು ನನ್ನ ತಲೆ ತಿನ್ನುತ್ತಿದ್ದುದು ಇದೊಂದೇ. ಬಾಯಲ್ಲಿ ಬರುತ್ತೇನೆ ಅನ್ನುವವರು ಎಷ್ಟು ಜನ ಬಂದಿದ್ದಾರೆ?

ಅಲ್ಲಿ ಮೊಬೈಲು ಇಟ್ಟುಕೊಳ್ಳುವಂತಿಲ್ಲ. ಭಾನುವಾರ ಸಂಜೆ ನಾಲ್ಕಕ್ಕೆ ಅವರ ಕಾರಿಡಾರಿನ ಫೋನಿನಿಂದ ಹತ್ತು ನಿಮಿಷ ಮಾತಾಡಬಹುದು, ಹಿಂದೆ ಹದಿನೈದು ಜನ ಸಾಲು ನಿಂತು ಕೇಳಿಸಿಕೊಳ್ಳುತ್ತಿರುತ್ತಾರೆ. ಪತ್ರ ಬರೆದರೆ ಒಬ್ಬ ಅಧಿಕಾರಿ ಓದಿ ಮೊಹರು ಒತ್ತುತ್ತಾನೆ. ಗಂಡ ಹೆಂಡತಿ ಮಧ್ಯೆ ಮೊಹರು! ಮೊದಲ ವರ್ಷವೇ ನಾವು ಇದಕ್ಕೊಂದು ದಾರಿ ಕಂಡುಕೊಂಡೆವು. ಅವಳ ಬಳಿ ಎರಡು ಜೊತೆ ಬೂಟು. ನಾಲ್ಕು ತಿಂಗಳಿಗೊಮ್ಮೆ ಒಂದು ಜೊತೆ ನನ್ನ ಹತ್ತಿರ ಅಟ್ಟೆ ಹಾಕಿಸಿಕೊಳ್ಳಲು ಪಾರ್ಸಲಿನಲ್ಲಿ ಬರುತ್ತದೆ. ಬೂಟಿನೊಳಗೆ ಪಾದದ ಕೆಳಗೆ ಹಾಸಿರುವ ತೆಳು ಚರ್ಮಕ್ಕೆ ನಾವು ಒಳ ಅಟ್ಟೆ ಎನ್ನುತ್ತೇವೆ. ಬಲಗಾಲಿನ ಒಳ ಅಟ್ಟೆ ಎತ್ತಿದರೆ ಕೆಳಗೆ ಅವಳ ಚೀಟಿ. ನಾನು ಓದಿ, ರಿಪೇರಿ ಮುಗಿಸಿ, ಅದೇ ಜಾಗದಲ್ಲಿ ನನ್ನ ಚೀಟಿ ಇಟ್ಟು ವಾಪಸ್ ಕಳಿಸುತ್ತೇನೆ. ಆರು ವರ್ಷದಲ್ಲಿ ಒಂದು ಸಲವೂ ಆ ಜಾಗ ಖಾಲಿ ಇದ್ದದ್ದಿಲ್ಲ. "ನಿನ್ನ ಗೊರಕೆ ಇಲ್ಲದೆ ನಿದ್ದೆ ಬರ್ತಿಲ್ಲ" ಎಂಬಷ್ಟೇ ಇದ್ದದ್ದೂ ಉಂಟು. ಅದನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಅಲ್ಲೇ ಬೂಟು ರಿಪೇರಿ ಮಾಡುವವರಿಲ್ಲವೇ ಎಂದು ನೀವು ಕೇಳಬಹುದು. ಇದ್ದಾರೆ. ಆದರೆ ಅವಳ ಬೂಟನ್ನು ನನ್ನ ಹೊರತು ಯಾರೂ ಮುಟ್ಟಬಾರದು ಎಂಬುದು ನಮ್ಮ ನಡುವಿನ ಮಾತು.

ಆ ಮಂಗಳವಾರ ಪಾರ್ಸಲ್ ಬಿಚ್ಚಿದೆ. ಮೊದಲು ಮೂಗಿಗೆ ಬಡಿದದ್ದು ಹೊಗೆಸೊಪ್ಪಿನ ವಾಸನೆ. ಅವಳು ಹೊಗೆಸೊಪ್ಪು ಮುಟ್ಟುವವಳಲ್ಲ. ಬೂಟು ತಿರುಗಿಸಿ ಅಡಿ ನೋಡಿದೆ. ಲಾರಿ ಓಡಿಸುವವರ ಬಲ ಹಿಮ್ಮಡಿ ಹಿಂದಿನ ಮೂಲೆಯಲ್ಲಿ ಸವೆಯುತ್ತದೆ, ಯಾಕೆಂದರೆ ಹಿಮ್ಮಡಿ ನೆಲಕ್ಕೆ ಊರಿಯೇ ಪೆಡಲ್ ಒತ್ತುವುದು. ಆರು ವರ್ಷ ಅದೇ ಮೂಲೆಗೆ ತೇಪೆ ಹಾಕಿದವನು ನಾನು. ಈ ಸಲ ಆ ಮೂಲೆ ಸವೆದೇ ಇರಲಿಲ್ಲ. ಬದಲಿಗೆ ಎರಡೂ ಬೂಟಿನ ಬೆರಳಿನ ತುದಿ ಉಜ್ಜಿಹೋಗಿತ್ತು, ಅಲ್ಲೇ ಅಡ್ಡಕ್ಕೆ ಆಳವಾದ ಮಡಿಕೆ. ಅಂದರೆ ಇವಳು ತಿಂಗಳುಗಟ್ಟಲೆ ಲಾರಿಯನ್ನೇ ಹತ್ತಿಲ್ಲ. ಪ್ರತಿ ಭಾನುವಾರ "ಲಾರಿ ಹೇಗಿದೆ" ಎಂದು ಕೇಳಿದರೆ "ಓಡ್ತಾ ಇದೆ" ಎನ್ನುತ್ತಿದ್ದಳಲ್ಲ, ಹಾಗಾದರೆ ಅದು?

ಆಮೇಲೆ ಹೊಲಿಗೆ ಕಂಡಿತು. ಬಲ ಬೂಟಿನ ಹಿಂಬದಿಯಲ್ಲಿ, ಹಿಮ್ಮಡಿಯ ಮೇಲ್ಗಡೆ, ಯಾರೋ ಹೊಸ ಚರ್ಮ ಕೂರಿಸಿ ಸುತ್ತ ಹೊಲಿದಿದ್ದರು. ನನ್ನದು ಹೆಬ್ಬೆರಳಿನ ಅಗಲಕ್ಕೆ ಆರು ಹೊಲಿಗೆ, ಅಳತೆ ಹಿಡಿದು ನೋಡಿ, ಕೂದಲೆಳೆ ಆಚೀಚೆ ಆಗುವುದಿಲ್ಲ. ಇದು ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಐದು, ಸೊಟ್ಟಸೊಟ್ಟ. ನನ್ನ ಹೆಂಡತಿಯ ಬೂಟಿಗೆ! ನನ್ನ ಮೈಯೆಲ್ಲ ಉರಿದುಹೋಯಿತು. ಹೋಗಿ ಹೋಗಿ ಒಬ್ಬ ಅಡ್ಡಕಸುಬಿಯ ಕೈಗೆ ಕೊಟ್ಟಿದ್ದಾಳಲ್ಲ ಎಂದು ಒಂದು ಸಿಟ್ಟು, ಕೊಟ್ಟಳಲ್ಲಾ ಎಂದೇ ಇನ್ನೊಂದು ಸಿಟ್ಟು. ಯಾವುದು ಹೆಚ್ಚು ಎಂದು ಈಗಲೂ ಹೇಳಲಾರೆ.

ಕೊನೆಗೆ ಒಳ ಅಟ್ಟೆ ಎತ್ತಿದೆ. ಕೆಳಗೆ ಏನೂ ಇಲ್ಲ. ಬೂಟು ತಲೆಕೆಳಗು ಮಾಡಿ ಬಡಿದೆ. ಎಡಗಾಲಿನದನ್ನೂ ಎತ್ತಿದೆ. ಇಲ್ಲ. ಕೈಯಲ್ಲಿದ್ದ ಒಳ ಅಟ್ಟೆ ನೋಡಿದರೆ ಅದೂ ನಾನು ಹಾಕಿದ್ದಲ್ಲ. ಯಾರೋ ಹೊಸದಾಗಿ ಕತ್ತರಿಸಿದ್ದರು, ಒರಟು ಕೆಲಸ, ಎಮ್ಮೆಯ ಕಿವಿಯ ಹಾಗೆ ದಪ್ಪ. ಚೀಟಿಯ ಜಾಗಕ್ಕೂ ಕೈ ಹಾಕಿದ್ದಾನೆ ಎಂದಮೇಲೆ ಇನ್ನೇನು ಉಳಿಯಿತು? ಅದನ್ನು ಚರ್ಮದ ಚೂರುಗಳ ಡಬ್ಬಕ್ಕೆ ಬಿಸಾಡಿದೆ. ಎಷ್ಟು ಜೋರಾಗಿ ಬೈದು ಬಿಸಾಡಿದೆನೆಂದರೆ ಪಕ್ಕದ ಅಂಗಡಿಯ ಕೀಲಿಯಣ್ಣ ಇಣುಕಿ ನೋಡಿದ.

ಕೀಲಿಯಣ್ಣ ಎಂದರೆ ಬೀಗಕ್ಕೆ ಕೀಲಿ ಮಾಡಿಕೊಡುವವನು. ನಮ್ಮಿಬ್ಬರ ಅಂಗಡಿಗೂ ಒಂದೇ ಗೋಡೆ, ಅದರಲ್ಲೂ ಒಂದು ತೂತು.

"ಏನಾಯ್ತು ಗುರುವೇ, ಬೆಳಬೆಳಗ್ಗೇನೇ?"

"ಏನಿಲ್ಲ. ಇಲಿ."

"ಇಲೀನ ಹೀಗೆ ಬೈಯಲ್ಲ ಯಾರೂ" ಎಂದು ಬಂದು ಬೂಟು ನೋಡಿದ. ಹೇಳಬಾರದಿತ್ತು, ಹೇಳಿಬಿಟ್ಟೆ. ಆತ ಗಡ್ಡ ಕೆರೆದುಕೊಂಡು, "ನನ್ನ ಕಸುಬಲ್ಲಿ ನೋಡು, ಮನೆಗೊಂದೇ ಬಾಗಿಲು, ಒಬ್ರೇ ಇರೋರು, ಬಂದು ಎರಡು ಕೀಲಿ ಮಾಡಿಸ್ಕೊಂಡು ಹೋಗ್ತಾರೆ. ನಾನು ಕೇಳಲ್ಲಪ್ಪ. ಎರಡನೇದು ಯಾರಿಗೆ ಅಂತ ಕೇಳೋದು ನನ್ನ ಕೆಲಸ ಅಲ್ಲ" ಎಂದ. ಹಾಗೆಂದು ತನ್ನ ಅಂಗಡಿಗೆ ಹೋಗಿ ಅರ ಉಜ್ಜತೊಡಗಿದ. ಆ ಸದ್ದು ದಿನವಿಡೀ ನನ್ನ ಹಲ್ಲಿನೊಳಗೆ ಕೇಳುತ್ತಿತ್ತು.

ಆಗ ಹಳೆಯದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಹಿಂದಿನ ಭಾನುವಾರ ಅವಳು, "ದಾರಕ್ಕೆ ಸವರೋ ಮೇಣ ಇದೆಯಲ್ಲ, ಅದನ್ನ ಬಿಸಿ ಮಾಡ್ತೀಯಾ, ತಣ್ಣಗಿದ್ದಾಗಲೇ ಉಜ್ಜ್ತೀಯಾ?" ಎಂದು ಕೇಳಿದ್ದಳು. ಮದುವೆಯಾಗಿ ಎಂಟು ವರ್ಷದಲ್ಲಿ ನನ್ನ ಮೇಣದ ಬಗ್ಗೆ ಕೇಳಿದವಳಲ್ಲ. ಯಾವನೋ ಹಿಂದೆ ನಿಂತು ಕೇಳಿಸುತ್ತಿದ್ದಾನೆ ಎಂದು ಈಗ ಹೊಳೆಯಿತು. ಅದಕ್ಕೂ ಹಿಂದಿನ ವಾರ, ಫೋನಿನ ಆಚೆ ಒಂದು ಗಂಡು ದನಿ, "ಬೇಗ ಬಾ, ಅಂಟು ಒಣಗೋಗತ್ತೆ" ಎಂದಿತ್ತು. ಯಾರದು ಎಂದರೆ, "ಅವ್ರಾ? ಮೇಷ್ಟ್ರು" ಎಂದು ನಕ್ಕಿದ್ದಳು. ಸೇನೆಯಲ್ಲಿ ಎಂಥ ಮೇಷ್ಟ್ರು? ಯಾವ ಶಾಲೆ ನಡೆಸುತ್ತಿದ್ದಾನೆ ಅಲ್ಲಿ?

ಮನೆಗೆ ಹೋಗಿ ಊಟಕ್ಕೆ ಕೂತು ಅನ್ನವನ್ನು ಬರೀ ಕಲಸುತ್ತಿದ್ದೆ. ಅತ್ತೆ ಮುಖ ನೋಡಿದಳು. ನಾನು ಬೂಟಿನ ವಿಷಯ ಹೇಳಿದೆ, ಮೇಷ್ಟ್ರ ವಿಷಯವನ್ನೂ ಹೇಳಿದೆ. ಆಕೆ ತಟ್ಟೆ ಸರಿಸಿ, "ನನ್ನ ಮಗಳಿಗೆ ಸುಳ್ಳು ಹೇಳೋಕೆ ಬರಲ್ಲ. ಹೇಳಿದ್ರೆ ಕಿವಿ ಕೆಂಪಾಗತ್ತೆ, ಚಿಕ್ಕೋಳಿದ್ದಾಗಿಂದ" ಎಂದಳು.

"ಫೋನಲ್ಲಿ ಕಿವಿ ಕಾಣತ್ತಾ ಅತ್ತೆ?"

"ಕೇಳಿಬಿಡಿ ಹಾಗಾದ್ರೆ. ಬಾಯಿ ಇಲ್ವಾ? ಯಾರೇ ಹೊಲಿದಿದ್ದು ಅಂತ ಕೇಳಿ, ಮುಗೀತು."

ಮುಗಿಯುತ್ತಿತ್ತು. ಆ ನಾಲ್ಕು ಮಾತು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು ಯಾಕೆ ಕೇಳಬೇಕು? ತಪ್ಪು ಮಾಡಿದವರು ತಾವಾಗಿ ಹೇಳಲಿ. ನನಗೂ ಮಾನ ಮರ್ಯಾದೆ ಇದೆ. ಆ ಹೊತ್ತು ಮಾನ ಮರ್ಯಾದೆ ಎಂದು ನಾನು ಕರೆದದ್ದು ಇದನ್ನೇ.

ಬುಧವಾರ, ಗುರುವಾರ ಎರಡು ದಿನ ಬೇರೆಯವರ ಕೆಲಸವನ್ನೆಲ್ಲ ಬದಿಗಿಟ್ಟೆ. ಆ ಹಿಮ್ಮಡಿಯ ಹೊಲಿಗೆಯನ್ನು ಒಂದೊಂದಾಗಿ ಕಿತ್ತೆ. ಚಾಕುವಿನಿಂದ ಸರ್ರನೆ ಒಂದೇ ಏಟಿಗೆ ಕತ್ತರಿಸಬಹುದಿತ್ತು, ಹಾಗೆ ಮಾಡಲಿಲ್ಲ. ದಬ್ಬಳದ ತುದಿಯಿಂದ ಒಂದೊಂದನ್ನೇ ಎಬ್ಬಿಸಿ ಎಳೆದೆ. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ ಹಾಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಒಂದು ಕಡೆ ದಾರಕ್ಕೆ ಕಂದು ಬಣ್ಣದ ಸಣ್ಣ ಕಲೆ ಇತ್ತು, ಒಣಗಿದ ರಕ್ತ. ದಬ್ಬಳ ಚುಚ್ಚಿಕೊಂಡಿದ್ದಾನೆ ದಡ್ಡ ಎಂದು ನಕ್ಕೆ. ಆಮೇಲೆ ನನ್ನ ಹೊಲಿಗೆ ಹಾಕಿದೆ, ಆರಕ್ಕೆ ಆರು. ಮುಂದಿನ ಅಟ್ಟೆ ಬದಲಾಯಿಸಿದೆ. ನನ್ನದೇ ಚರ್ಮದಲ್ಲಿ ಹೊಸ ಒಳ ಅಟ್ಟೆ ಕತ್ತರಿಸಿ ಹಾಕಿದೆ. ಅದರ ಕೆಳಗೆ ಚೀಟಿ ಇಡಲಿಲ್ಲ. ಅವಳು ಖಾಲಿ ಕಳಿಸಿದ್ದಳಲ್ಲ, ನಾನೂ ಖಾಲಿ. ಶುಕ್ರವಾರ ಪಾರ್ಸಲ್ ಹಾಕಿ ಬಂದೆ.

ಭಾನುವಾರ ನಾಲ್ಕಕ್ಕೆ ಸರಿಯಾಗಿ ಫೋನು ಬಂತು.

"ಏನ್ ಸಾಹೇಬ್ರೇ, ಬೂಟು ಸಿಕ್ತಾ?" ಖುಷಿಯಾಗಿದ್ದಾಗ ಅವಳು ನನ್ನನ್ನು ಕರೆಯುವುದು ಹೀಗೆಯೇ. ದನಿಯಲ್ಲಿ ನಗು ತುಳುಕುತ್ತಿತ್ತು.

"ಸಿಕ್ತು."

"ನೋಡ್ದ್ಯಾ?"

"ನೋಡ್ದೆ."

"ಪೂರ್ತಿ ನೋಡ್ದ್ಯಾ? ಒಳಗೂ?"

"ಒಳಗೂ ನೋಡ್ದೆ, ಹೊರಗೂ ನೋಡ್ದೆ. ನೋಡಬೇಕಾದ್ದೆಲ್ಲ ನೋಡ್ದೆ."

ಅವಳು ಸಣ್ಣ ದನಿಯಲ್ಲಿ, "ಮತ್ತೆ? ಏನಂತೀಯ?" ಎಂದಳು.

ಎಷ್ಟು ಧೈರ್ಯ ನೋಡಿ! "ಅನ್ನೋದೇನಿದೆ, ಶುಕ್ರವಾರ ವಾಪಸ್ ಕಳಿಸಿದೀನಿ. ಬಂದ ಮೇಲೆ ನೀನೇ ನೋಡ್ಕೋ" ಎಂದೆ.

"ಆಯ್ತು, ಆಯ್ತು, ಇಲ್ಲಿ ಹೇಳಬೇಡ ಬಿಡು" ಎಂದು ಮತ್ತೆ ನಕ್ಕಳು. "ಕಾಯ್ತೀನಿ." ಅತ್ತೆಯನ್ನು ಮಾತಾಡಿಸಿದಳು, ಆಕೆಯ ಮಂಡಿ ನೋವು ವಿಚಾರಿಸಿದಳು. ನಾನು ಗೋಡೆಯ ಕಡೆ ತಿರುಗಿ ಕೂತಿದ್ದೆ. ಅತ್ತೆ ಫೋನಿಟ್ಟು, "ಹುಡುಗಿ ಕುಣೀತಾ ಇದಾಳೆ, ನೀವು ನೋಡಿದ್ರೆ ಹೀಗೆ" ಎಂದಳು. ಕುಣಿಯದೆ ಏನು, ಕುಣಿಸುವವನು ಸಿಕ್ಕಿದ್ದಾನಲ್ಲ ಎಂದುಕೊಂಡೆ. ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟರ ಮಟ್ಟಿಗೆ ಬಚಾವಾದೆ.

ಮುಂದಿನ ಭಾನುವಾರ ಫೋನು ಬರಲಿಲ್ಲ. ನಾಲ್ಕೂವರೆ, ಐದು, ಆರು. ಅತ್ತೆ ಹತ್ತು ಸಲ ಬಂದು ಫೋನಿಗೆ ಚಾರ್ಜ್ ಇದೆಯಾ ಎಂದು ಕೇಳಿದಳು. ಅದರ ಮುಂದಿನ ವಾರ ಬಂತು. ಸಾಹೇಬ್ರೇ ಇಲ್ಲ, ನಗುವೂ ಇಲ್ಲ.

"ಬೂಟು ಬಂತು" ಎಂದಳು.

"ಹೂಂ."

"ಒಂದು ಹೊಲಿಗೇನೂ ಬಿಟ್ಟಿಲ್ಲ ನೀನು."

"ಯಾಕೆ ಬಿಡಬೇಕು?"

"ಅಷ್ಟೊಂದು ಕೆಟ್ಟದಾಗಿತ್ತಾ?"

"ನನ್ನ ಕೆಲಸದ ಮೇಲೆ ಇನ್ನೊಬ್ಬರ ಕೈ ಬೀಳೋದು ನನಗಾಗಲ್ಲ. ಅದು ನಿನಗೂ ಗೊತ್ತು."

ಅವಳ ಹಿಂದೆ ಯಾರೋ ಕೆಮ್ಮಿದರು, ಬೇಗ ಬೇಗ ಎಂದರು. ಅವಳು, "ಗೊತ್ತಾಯ್ತು. ಹಾಗೇ ಆಗಲಿ" ಎಂದಳು. ಆರು ನಿಮಿಷ ಬಾಕಿ ಇರುವಾಗಲೇ ಫೋನಿಟ್ಟಳು. ಸಿಕ್ಕಿಬಿದ್ದವರು ಹೀಗೇ ತಾನೇ ಮಾತು ಮುಗಿಸುವುದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅವಳಿಗೂ ನನ್ನಷ್ಟೇ ಹಟ. ಅತ್ತೆ ಯಾವಾಗಲೂ ಹೇಳುತ್ತಾಳೆ, ನೀವಿಬ್ಬರೂ ಸೇರಿ ಹಟದ ಅಂಗಡಿ ಇಟ್ಟರೆ ಇಡೀ ಊರಿಗೆ ಮಾರಬಹುದು ಎಂದು.

ಇನ್ನೊಂದು ಭಾನುವಾರ. ಈ ಸಲ ಮಾತು ತೀರಾ ಚಿಕ್ಕದು.

"ಸಹಿ ಹಾಕ್ದೆ. ಮೂರು ವರ್ಷ."

ನನ್ನ ಬಾಯಲ್ಲಿ ಬಂದದ್ದು ಏನು ಗೊತ್ತೇ? "ನನಗೆ ಮೊದಲೇ ಗೊತ್ತಿತ್ತು" ಎಂದೆ. ಗೆದ್ದವನ ಹಾಗೆ ಹೇಳಿದೆ. ಆಮೇಲೆ ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು, ಸದ್ದು ಕೇಳದಂತೆ ಅತ್ತುಬಿಟ್ಟೆ. ನನ್ನ ಅನುಮಾನ ನಿಜವಾಯಿತಲ್ಲ ಎಂಬ ಸಮಾಧಾನ ಎದೆಯ ಮೇಲೆ ಕಲ್ಲು ಹೇರಿದ ಹಾಗೆ ಕೂತಿತ್ತು. ಅಳಿಯ ಅತ್ತದ್ದನ್ನು ಅತ್ತೆ ನೋಡಿದ್ದಳು, ನೋಡದವಳ ಹಾಗೆ ಟೀ ತಂದಿಟ್ಟಳು. "ನನಗೂ ಬೇಜಾರೇ" ಎಂದಳು. "ಆದ್ರೆ ಅವಳು ಹಾಗೆ ಮಾಡೋಳಲ್ಲ. ಏನೋ ಆಗಿದೆ."

ನಾಲ್ಕು ದಿನ ಕಳೆದು ಗುರುವಾರ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಬ್ಯಾಂಕಿನ ಮೇಡಂ ಬಂದಳು. ಆಕೆಯ ಎಡಗಾಲು ಬಲಗಾಲಿಗಿಂತ ಒಂದು ಚೂರು ಗಿಡ್ಡ. ಹುಟ್ಟಿನಿಂದ ಹಾಗೆ. ಆಕೆಯ ಎಡ ಶೂವಿನೊಳಗೆ ಹಿಮ್ಮಡಿಗೆ ನಾನು ದಪ್ಪ ಚರ್ಮದ ತುಂಡು ಕೂರಿಸಿಕೊಡುತ್ತೇನೆ. "ಸಂಜೆಯೊಳಗೆ ಆಗತ್ತಾ?" ಎಂದಳು. "ಅರ್ಧ ಗಂಟೆ ಕೂತ್ಕೊಳ್ಳಿ, ಈಗಲೇ ಆಗತ್ತೆ" ಎಂದೆ. ದಪ್ಪ ಚರ್ಮಕ್ಕಾಗಿ ಚೂರುಗಳ ಡಬ್ಬಕ್ಕೆ ಕೈ ಹಾಕಿದೆ. ಕೈಗೆ ಬಂದದ್ದು ಅದೇ. ಅವನ ಒಳ ಅಟ್ಟೆ.

ಬಿಸಾಡೋಣವೆನಿಸಿತು. ಆದರೆ ದಪ್ಪ ಸರಿಯಾಗಿತ್ತು. ಇರಲಿ, ನಿನ್ನಿಂದ ಇಷ್ಟಾದರೂ ಉಪಯೋಗವಾಗಲಿ ಮೇಷ್ಟ್ರೇ ಎಂದು ಬೈದುಕೊಂಡು, ಅಂಚು ಕೆರೆಯಲು ಚಾಕು ಇಟ್ಟೆ. ಚಾಕು ಚರ್ಮದೊಳಗೆ ಇಳಿಯುವ ಬದಲು ನಡುವೆ ಜಾರಿತು. ಅಲ್ಲೊಂದು ಸಂದು. ದಪ್ಪ ಚರ್ಮವಲ್ಲ, ಎರಡು ತೆಳು ಪದರ. ಅಂಚಿಗೆ ಮಾತ್ರ ಅಂಟು ಹಾಕಿ ಕೂಡಿಸಿದ್ದರು. ಬಿಡಿಸಿದೆ. ಒಳಗೆ ನಾಲ್ಕು ಮಡಿಕೆಯ ಕಾಗದ, ಅಟ್ಟೆಯ ಆಕಾರಕ್ಕೇ ಚಪ್ಪಟೆಯಾಗಿತ್ತು.

ಅವಳ ಅಕ್ಷರ.

"ಸಾಹೇಬ್ರೇ, ಮೊದಲು ನಗೋದು ನಿಲ್ಸಿ. ಹಿಮ್ಮಡಿ ಹೊಲಿಗೆ ನಂದೇ. ಸೊಟ್ಟ ಆಗಿದೆ, ಗೊತ್ತು. ಬೆರಳಿಗೆ ಮೂರು ಸಲ ಚುಚ್ಕೊಂಡೆ. ಈ ಒಳ ಅಟ್ಟೇನೂ ನಾನೇ ಮಾಡಿದ್ದು. ಪಾರ್ಸಲ್ ರೂಮಿಗೆ ಹೊಸಬ ಒಬ್ಬ ಬಂದಿದಾನೆ, ಒಳ ಅಟ್ಟೆ ಎತ್ತಿ ನೋಡ್ತಾನೆ. ಅದಕ್ಕೇ ಎರಡು ಪದರದ ಮಧ್ಯೆ ಇಟ್ಟಿದೀನಿ. ಬೇರೆ ಯಾರಿಗೂ ಗೊತ್ತಾಗಲ್ಲ. ನೀನು ಮುಟ್ಟಿದ ತಕ್ಷಣ ದಪ್ಪ ನೋಡಿ ಹಿಡೀತೀಯ.

ಬೆನ್ನು ಕೈಕೊಡ್ತು ಕಣೋ. ಲಾರಿಯಿಂದ ಇಳಿಸಿ ಮೂರು ತಿಂಗಳಾಯ್ತು. ಹೇಳಿದ್ರೆ ಅಮ್ಮ ಊಟ ಬಿಡ್ತಾಳೆ, ನೀನು ಅಂಗಡಿ ಮುಚ್ಚಿ ಓಡಿ ಬರ್ತೀಯ, ಅದಕ್ಕೆ ಸುಳ್ಳು ಹೇಳ್ದೆ. ಕೂತು ಮಾಡೋ ಕೆಲಸ ಕೊಡಿ ಅಂದೆ, ಬೂಟಿನ ಶೆಡ್ಡಿಗೆ ಹಾಕಿದ್ರು. ಇಲ್ಲೊಬ್ರು ಮೇಷ್ಟ್ರಿದಾರೆ. ಅರವತ್ತು ವಯಸ್ಸು, ಬಾಯಲ್ಲಿ ನಾಲ್ಕೇ ಹಲ್ಲು, ಯಾವಾಗಲೂ ಹೊಗೆಸೊಪ್ಪು. ನಿನಗಿಂತ ಸಿಡುಕ. ಆದ್ರೆ ಕಲಿಸ್ತಾರೆ.

ಈಗ ವಿಷಯ. ಕಾಗದ ಬಂದಿದೆ. ನಾನು ಮನೆಗೆ ಬಂದ್ರೆ ಲಾರಿ ಓಡ್ಸೋಕಾಗಲ್ಲ. ಸುಮ್ನೆ ಮನೇಲಿ ಕೂತ್ರೆ ನಾನು ಹುಚ್ಚಿ ಆಗ್ತೀನಿ. ಅಂಗಡೀಲಿ ನಿನ್ನ ಪಕ್ಕ ಒಂದು ಸ್ಟೂಲು ಹಾಕ್ತೀಯಾ? ನಿನ್ನ ಕೆಲಸಕ್ಕೆ ಯಾರು ಕೈ ಹಾಕಿದ್ರೂ ಉರೀತೀಯ ಅಂತ ಗೊತ್ತು, ಅದಕ್ಕೇ ಕೇಳ್ತಾ ಇದೀನಿ. ಏನೂ ಬರೀಬೇಡ. ಹೂಂ ಅನ್ನೋದಾದ್ರೆ ನನ್ನ ಹೊಲಿಗೇನ ಹಾಗೇ ಬಿಟ್ಟು ಕಳಿಸು. ಬೇಡ ಅಂದ್ರೆ ಬಿಚ್ಚಾಕು. ನಾನು ಅರ್ಥ ಮಾಡ್ಕೊಂಡು ಇಲ್ಲೇ ಮೂರು ವರ್ಷ ಹಾಕ್ತೀನಿ. ಆಮೇಲೆ ಆ ಮಾತು ನಾನೂ ಎತ್ತಲ್ಲ, ನೀನೂ ಎತ್ತಬೇಡ."

"ಏನಾಯ್ತು? ಕೈ ಕುಯ್ಕೊಂಡ್ರಾ?" ಎಂದು ಬ್ಯಾಂಕಿನ ಮೇಡಂ ಎದ್ದು ನಿಂತಳು. ಇಲ್ಲ ಎಂದೆ ಅಂದುಕೊಳ್ಳುತ್ತೇನೆ. ಆಕೆಯ ಶೂ ತೊಡೆಯ ಮೇಲಿತ್ತು. ತಲೆ ತಗ್ಗಿಸಿದಾಗ ಕಂಡದ್ದು ನನ್ನ ಕಾಲು. ಶೂವಿನ ತುದಿ ಉಜ್ಜಿಹೋಗಿತ್ತು, ಬೆರಳುಗಳ ಹತ್ತಿರ ಅಡ್ಡಕ್ಕೆ ಆಳವಾದ ಮಡಿಕೆ. ಅವಳ ಬೂಟಿನಲ್ಲಿ ಇದ್ದದ್ದು ಅದೇ ಮಡಿಕೆ. ಗಿಡ್ಡ ಸ್ಟೂಲಿನಲ್ಲಿ ಕೂರುವವರ ಮಡಿಕೆ. ಊರವರ ಕಾಲೆಲ್ಲ ಓದಿದವನಿಗೆ ಅದೊಂದು ಓದಲು ಬರಲಿಲ್ಲ.

ಮೇಡಂ ಶೂ ಮುಗಿಸಿಕೊಟ್ಟೆ, ಹೇಗೆ ಎಂದು ಕೇಳಬೇಡಿ. ಅಂಗಡಿ ಮುಚ್ಚಿ ಮನೆಗೆ ನಡೆದೆ. ಕೀಲಿಯಣ್ಣ ತೂತಿನಿಂದ "ಯಾಕೆ ಗುರುವೇ, ಇಷ್ಟು ಬೇಗ?" ಎಂದ. ಅವನನ್ನು ಬೈಯಲು ಬಾಯಿ ತೆರೆದೆ, ಬೈಯಲಿಲ್ಲ. ಪಾಪ, ಅವನೇನು ಮಾಡಿದ್ದ? ದಬ್ಬಳ ಹಿಡಿದಿದ್ದು ನನ್ನ ಕೈ.

ಅತ್ತೆಗೆ ಚೀಟಿ ಓದಿ ಹೇಳಿದೆ. ಆಕೆ ಮಗಳ ಬೆನ್ನಿನ ಮಾತು ಬಂದಾಗ ಬಾಯಿಗೆ ಸೆರಗು ಅಡ್ಡ ಹಿಡಿದಳು. ಪೂರ್ತಿ ಕೇಳಿ, ಚೀಟಿ ಇಸಿದುಕೊಂಡು ಮಡಿಚಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು. "ಭಾನುವಾರ ಹೇಳ್ಬಿಡಿ" ಎಂದಳು, ಅಷ್ಟೇ. ಶುಕ್ರವಾರ, ಶನಿವಾರ ನಾನು ಅಂಗಡಿ ತೆರೆಯಲಿಲ್ಲ.

ಭಾನುವಾರ ನಾಲ್ಕಕ್ಕೆ ಎರಡು ನಿಮಿಷ ತಡವಾಗಿ ಫೋನು ಬಂತು.

"ಅಮ್ಮ ಹೇಗಿದಾಳೆ?" ಎಂದಳು. ನನ್ನನ್ನು ಕೇಳಲಿಲ್ಲ.

"ನಿನ್ನ ಚೀಟಿ ಸಿಕ್ತು" ಎಂದೆ.

"ಯಾವ ಚೀಟಿ? ಆ ಬೂಟಾದ್ಮೇಲೆ ನಾನು ಯಾವ್ದೂ ಕಳಿಸಿಲ್ಲ."

"ಎರಡು ಪದರದ ಮಧ್ಯದ್ದು. ಗುರುವಾರ ಸಿಕ್ತು. ಮೊನ್ನೆ ಗುರುವಾರ. ನಾನು ಆ ಅಟ್ಟೇನ ಬಿಡಿಸಿ ನೋಡಿರ್ಲಿಲ್ಲ ಕಣೇ. ಡಬ್ಬಕ್ಕೆ ಬಿಸಾಕಿದ್ದೆ."

ಆಚೆ ಕಾರಿಡಾರಿನಲ್ಲಿ ಯಾರೋ ಬೂಟುಗಾಲಲ್ಲಿ ನಡೆದುಹೋದದ್ದು ಕೇಳಿಸಿತು.

"ಅಂದ್ರೆ ಓದದೇನೇ ಬಿಚ್ಚಿದ್ಯಾ?"

"ಹೂಂ."

"ನಾನು ಹತ್ತು ದಿನ ಆ ಬೂಟು ಹಾಕ್ಕೊಳ್ಳೇ ಇಲ್ಲ. ಮಂಚದ ಕೆಳಗಿಟ್ಟು ನೋಡ್ತಾ ಕೂತಿದ್ದೆ." ಮೂಗು ಎಳೆದುಕೊಂಡದ್ದು ಕೇಳಿಸಿತು. ಸಾಲಿನವರ ಮುಂದೆ ಅಳುವವಳಲ್ಲ ಅವಳು.

"ಸಹಿ ವಾಪಸ್ ತಗೊಳ್ಳೋಕಾಗಲ್ವಾ? ನಾನು ಬಂದು ನಿಮ್ಮ ಅಧಿಕಾರಿ ಕಾಲು ಹಿಡೀತೀನಿ."

"ಆಗಲ್ಲ. ಮೇಲಕ್ಕೆ ಹೋಗಿದೆ ಅದು. ಮೂರು ವರ್ಷ ಅಂದ್ರೆ ಮೂರು ವರ್ಷ."

"ಸ್ಟೂಲು ಹಾಕ್ತೀನಿ" ಎಂದೆ. "ಇವತ್ತೇ ಹಾಕ್ತೀನಿ. ನನ್ನ ಪಕ್ಕದಲ್ಲೇ. ನೀನು ಹೇಗೆ ಹೊಲಿದ್ರೂ ಸರಿ."

ಅವಳು ಏನನ್ನೋ ಯೋಚಿಸುತ್ತಿದ್ದಳು. ನನಗೆ ಆ ಮೌನ ಚೆನ್ನಾಗಿ ಗೊತ್ತು. ಲೆಕ್ಕ ತಪ್ಪಿದ ದಾರಿಯನ್ನು ಹಿಂದಕ್ಕೆ ಹುಡುಕಿಕೊಂಡು ಹೋಗುವವರ ಮೌನ ಅದು.

"ಒಂದು ನಿಮಿಷ" ಎಂದಳು. "ಚೀಟಿ ಓದಿಲ್ಲ ಅಂದ್ರೆ, ಅದು ನನ್ನ ಹೊಲಿಗೆ ಅಂತ ನಿನಗೆ ಗೊತ್ತಿರ್ಲಿಲ್ಲ."

"ಇಲ್ಲ."

"ಮತ್ತೆ ಯಾರದ್ದು ಅಂದ್ಕೊಂಡು ಕಿತ್ತೆ?"

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಸುಳ್ಳು ಹೇಳಬಹುದಿತ್ತು. ಅಂಗಡಿಯವನದೇನೋ ಅಂದ್ಕೊಂಡೆ, ಕೆಲಸ ಚೆನ್ನಾಗಿರಲಿಲ್ಲ ಅದಕ್ಕೆ, ಎಂದಿದ್ದರೆ ನಡೆಯುತ್ತಿತ್ತು. ನನ್ನ ಕಿವಿ ಕೆಂಪಾಗುವುದಿಲ್ಲ.

"ಯಾವನೋ ಒಬ್ಬನದು ಅಂದ್ಕೊಂಡೆ" ಎಂದೆ. "ನೀನು ಯಾವನನ್ನೋ ಇಟ್ಕೊಂಡಿದೀಯ ಅಂದ್ಕೊಂಡೆ."

ಅವಳ ಹಿಂದಿನಿಂದ ಯಾರೋ, "ಆಯ್ತೇನಮ್ಮಾ?" ಎಂದರು. "ಇನ್ನೂ ಟೈಮಿದೆ" ಎಂದು ಅವರಿಗೆ ಹೇಳಿದಳು, ನನಗಲ್ಲ. ನಾನು ಗೋಡೆಯ ಗಡಿಯಾರ ನೋಡಿದೆ. ನಾಲ್ಕು ನಿಮಿಷ ಉಳಿದಿತ್ತು. ಆ ನಾಲ್ಕು ನಿಮಿಷವೂ ಅವಳ ಉಸಿರು ಕೇಳಿಸುತ್ತಿತ್ತು. ಅವಳು ಒಂದು ಮಾತೂ ಆಡಲಿಲ್ಲ, ಫೋನನ್ನೂ ಇಡಲಿಲ್ಲ. ಆಮೇಲೆ ಲೈನು ತಾನಾಗಿ ಕಡಿದುಹೋಯಿತು.